ವೋಲ್ಟೇಜ್ ವ್ಯತ್ಯಾಸ ಮತ್ತು ವಿದ್ಯುತ್ ಉಪಕರಣಗಳ ಸುರಕ್ಷಿತ ಬಳಕೆ

ಒಂದು ಉಪಕರಣವನ್ನು ಯಾವ ವೋಲ್ಟೇಜಿಗೆ ಮತ್ತು ಯಾವ ಆವೃತ್ತಿಗೆ ತಯಾರಿಸಲಾಗಿದೆಯೋ ಅದಕ್ಕಿಂತ ಬೇರೆಯಾದ ಪೂರೈಕೆಗೆ ಅದನ್ನು ಜೋಡಿಸಬೇಕಾದಾಗ, ಉಪಕರಣ ಕೆಡದಂತೆ, ಬೆಂಕಿ ಹೊತ್ತದಂತೆ, ಬಳಸುವವರಿಗೆ ವಿದ್ಯುದಾಘಾತವಾಗದಂತೆ ಕೈಗೊಳ್ಳುವ ಆಯ್ಕೆ, ಪರಿವರ್ತನೆ ಮತ್ತು ರಕ್ಷಣೆಯ ಕ್ರಮಗಳು ಈ ಲೇಖನದ ವಿಷಯ. ವಾಹಕದಲ್ಲಿ ವಿದ್ಯುತ್ತನ್ನು ಹರಿಸುವ ಒತ್ತಡವೇ ವೋಲ್ಟೇಜ್. ಪರ್ಯಾಯ ವಿದ್ಯುತ್ತು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತನ್ನ ಪೂರ್ಣ ಆವರ್ತನೆಯನ್ನು ಮುಗಿಸುತ್ತದೆ ಎಂಬ ಸಂಖ್ಯೆ ಆವೃತ್ತಿ, ಅದರ ಮಾನ ಹರ್ಟ್ಸ್. ಇಲ್ಲಿ ವೋಲ್ಟೇಜನ್ನು ಮೂರು ಅರ್ಥಗಳಲ್ಲಿ ಬೇರ್ಪಡಿಸಿಕೊಳ್ಳುವುದು ಅಗತ್ಯ: ಪೂರೈಕೆದಾರ ಸಂಸ್ಥೆ ಕೊಡುವುದಾಗಿ ಒಪ್ಪಿಕೊಂಡದ್ದು ಘೋಷಿತ ವೋಲ್ಟೇಜ್, ಉಪಕರಣದ ಫಲಕದ ಮೇಲೆ ಬರೆದದ್ದು ನಮೂದಿತ ವೋಲ್ಟೇಜ್, ಆ ಗಳಿಗೆಯಲ್ಲಿ ಸಾಕೆಟ್ಟಿನಲ್ಲಿ ನಿಜವಾಗಿ ಇರುವುದು ವಾಸ್ತವ ವೋಲ್ಟೇಜ್. ವಿದೇಶಕ್ಕೆ ಹೋದವರ ತೊಂದರೆ ಮೊದಲ ಎರಡರ ನಡುವಿನ ಅಂತರದಿಂದ ಹುಟ್ಟುತ್ತದೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಂಥ, ವಿದ್ಯುತ್ ಮಗ್ಗ ಮತ್ತು ನೀರಾವರಿ ಪಂಪ್‌ಸೆಟ್‌ಗಳು ಒತ್ತಾಗಿರುವ ಊರಿನ ತೊಂದರೆ ಹೆಚ್ಚಾಗಿ ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರದಿಂದ ಹುಟ್ಟುತ್ತದೆ. ಎರಡನ್ನೂ ಒಂದೇ ಭೌತನಿಯಮ ಆಳುವುದರಿಂದ ಇಲ್ಲಿ ಅವುಗಳನ್ನು ಒಟ್ಟಿಗೆ ವಿವರಿಸಲಾಗಿದೆ.

ಇತಿಹಾಸ

ಜಗತ್ತಿನಲ್ಲಿ ಏಕರೂಪದ ವೋಲ್ಟೇಜ್ ಇಲ್ಲದಿರುವುದಕ್ಕೆ ಕಾರಣ ಭೌತಶಾಸ್ತ್ರವಲ್ಲ, ವ್ಯಾಪಾರದ ಚರಿತ್ರೆ. ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ನೇರ ವಿದ್ಯುತ್ತನ್ನು ಹಂಚಲು ತೊಡಗಿದಾಗ ಅಂದಿನ ಇಂಗಾಲ ತಂತುವಿನ ದೀಪಗಳು ತಾಳಿಕೊಳ್ಳುತ್ತಿದ್ದ ಸುಮಾರು 110 ವೋಲ್ಟನ್ನು ಆಯ್ದುಕೊಂಡನು. ಮುಂದೆ ಪರ್ಯಾಯ ವಿದ್ಯುತ್ತು ಬಂದ ಮೇಲೂ ಅಮೆರಿಕದಲ್ಲಿ ಅದೇ ಮಟ್ಟ ಉಳಿದು, ಇಂದು ಅದು 120 ವೋಲ್ಟ್, 60 ಹರ್ಟ್ಸ್ ಆಗಿದೆ. 1899ರಲ್ಲಿ ಬರ್ಲಿನ್ ನಗರದ ವಿದ್ಯುತ್ ಕಂಪನಿ 220 ವೋಲ್ಟಿಗೆ ಬದಲಾಯಿತು, ಏಕೆಂದರೆ ವೋಲ್ಟೇಜ್ ಇಮ್ಮಡಿಯಾದರೆ ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಅರ್ಧವಾಗುತ್ತದೆ, ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಹಳೆಯ ತಾಮ್ರದಲ್ಲಿಯೇ ಹೆಚ್ಚು ಮನೆಗಳಿಗೆ ಬೆಳಕು ಕೊಡಬಹುದು. ಯುರೋಪಿನ ಉಳಿದ ಭಾಗ ಈ ದಾರಿ ಹಿಡಿಯಿತು. ಜಪಾನಿನಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಜನಿತ್ರಗಳನ್ನು ತರಿಸಿಕೊಂಡದ್ದರಿಂದ, 100 ವೋಲ್ಟಿನ ಆ ದೇಶದ ಪೂರ್ವಾರ್ಧ ಇಂದಿಗೂ 50 ಹರ್ಟ್ಸಿನಲ್ಲಿ, ಪಶ್ಚಿಮಾರ್ಧ 60 ಹರ್ಟ್ಸಿನಲ್ಲಿ ನಡೆಯುತ್ತಿದೆ.

ಇಂಥ ಒಡಕು ಕರ್ನಾಟಕಕ್ಕೂ ಅಪರಿಚಿತವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ಸಾಗಿಸಿದ ವಿದ್ಯುತ್ತಿನ ಆವೃತ್ತಿ 25 ಹರ್ಟ್ಸ್ ಆಗಿತ್ತು. 1905ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿಸಿದ್ದೂ ಅದೇ ಕೇಂದ್ರ. 1948ರಲ್ಲಿ ಜೋಗದ ಕೇಂದ್ರ 50 ಹರ್ಟ್ಸಿನಲ್ಲಿ ಆರಂಭವಾದ ಮೇಲೆ ಎರಡು ಆವೃತ್ತಿಗಳ ಜಾಲಗಳನ್ನು ನೇರವಾಗಿ ಕೂಡಿಸುವಂತಿರಲಿಲ್ಲ. ಒಂದರ ಮೋಟಾರು ಇನ್ನೊಂದರಲ್ಲಿ ಸರಿಯಾದ ವೇಗಕ್ಕೆ ಬರುತ್ತಿರಲಿಲ್ಲ.

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1983ರಲ್ಲಿ 220 ಮತ್ತು 240 ವೋಲ್ಟುಗಳೆರಡನ್ನೂ 230ಕ್ಕೆ, ಮೂರು ಫೇಸಿನ 380 ಮತ್ತು 415ನ್ನು 400ಕ್ಕೆ ಒಂದುಗೂಡಿಸುವ ಶಿಫಾರಸು ಮಾಡಿತು. ಭಾರತದಲ್ಲಿ 1988ರ ಐಎಸ್ 12360 ಮಾನಕ ಇದನ್ನು ಅಂಗೀಕರಿಸಿತು. ಆದರೂ 415 ಎಂಬ ಹಳೆಯ ಅಂಕಿ ಮೋಟಾರುಗಳ ಫಲಕದಿಂದಲೂ ವೈಂಡಿಂಗ್ ಅಂಗಡಿಯ ಮಾತಿನಿಂದಲೂ ಇನ್ನೂ ಮರೆಯಾಗಿಲ್ಲ.

ಪೂರೈಕೆಯ ರಚನೆ

ಮಹಾಲಿಂಗಪುರ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಮತ್ತು ಬೀಳಗಿಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ 2002ರಲ್ಲಿ ಸ್ಥಾಪನೆಯಾದ ಹೆಸ್ಕಾಂನ ವ್ಯಾಪ್ತಿಗೆ ಸೇರಿವೆ. ಉಪಕೇಂದ್ರದಿಂದ 11,000 ವೋಲ್ಟಿನಲ್ಲಿ ಹೊರಡುವ ಮಾರ್ಗ ಓಣಿಯ ಅಥವಾ ಹೊಲದ ಅಂಚಿನ ವಿತರಣಾ ಪರಿವರ್ತಕವನ್ನು ತಲುಪುತ್ತದೆ. ಜನ ಇದನ್ನು ಟಿ.ಸಿ. ಎಂದು ಕರೆಯುತ್ತಾರೆ. ಟಿ.ಸಿ.ಯ ಹೊರಬದಿಯಲ್ಲಿ ಎರಡು ಫೇಸುಗಳ ನಡುವೆ ಭಾರವಿಲ್ಲದಾಗ 433 ವೋಲ್ಟ್, ಒಂದು ಫೇಸು ಮತ್ತು ನ್ಯೂಟ್ರಲ್ ನಡುವೆ 250 ವೋಲ್ಟ್ ಇರುತ್ತದೆ. ಘೋಷಿತ 230ಕ್ಕಿಂತ ಇದು ಹೆಚ್ಚಾಗಿರುವುದು ಉದ್ದೇಶಪೂರ್ವಕವಾದದ್ದು. ತಂತಿಯಲ್ಲಿ ಆಗುವ ಕುಸಿತವನ್ನು ಮೊದಲೇ ತುಂಬಿಕೊಟ್ಟಂತೆ. ಕಿಲೋಮೀಟರಿಗೆ ಸುಮಾರು 0.9 ಓಮ್ ರೋಧವಿರುವ, ಹಳ್ಳಿಯ ಮಾರ್ಗಗಳಲ್ಲಿ ಸಾಮಾನ್ಯವಾದ ಅಲ್ಯೂಮಿನಿಯಂ ತಂತಿಯಲ್ಲಿ 50 ಆಂಪಿಯರ್ ಪ್ರವಾಹ ಒಂದು ಕಿ.ಮೀ. ದೂರ ಹರಿದರೆ 45 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ, ಕೊನೆಯ ಕಂಬದ ಮನೆಗೆ 205 ವೋಲ್ಟ್ ಮಾತ್ರ ಸಿಗುತ್ತದೆ. ನಡುರಾತ್ರಿ ಪಂಪುಗಳೂ ಮಗ್ಗಗಳೂ ನಿಂತ ಮೇಲೆ ಅದೇ ಮನೆಯ ಸಾಕೆಟ್ಟಿನಲ್ಲಿ 245 ವೋಲ್ಟ್ ಇರಬಹುದು. 1956ರ ಭಾರತೀಯ ವಿದ್ಯುತ್ ನಿಯಮಾವಳಿ ಕಡಿಮೆ ವೋಲ್ಟೇಜಿನ ಪೂರೈಕೆಗೆ ಹಾಕಿದ್ದ ಏರಿಳಿತದ ಮಿತಿ ಶೇ. 6; 230ಕ್ಕೆ ಲೆಕ್ಕ ಹಾಕಿದರೆ ಸುಮಾರು 216ರಿಂದ 244 ವೋಲ್ಟ್.

ಆವೃತ್ತಿಯ ವಿಷಯದಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಕೂಡಿದ ಮೇಲೆ ಇಡೀ ಭಾರತ ಒಂದೇ ಆವೃತ್ತಿಯಲ್ಲಿ ನಡೆಯುತ್ತದೆ, ಮತ್ತು ಅದು 50 ಹರ್ಟ್ಸಿಗೆ ತೀರ ಹತ್ತಿರದಲ್ಲಿರುತ್ತದೆ. ಆದುದರಿಂದ ದೇಶದೊಳಗಿನ ಬಳಕೆದಾರನಿಗೆ ಉಳಿಯುವ ಚಿಂತೆ ವೋಲ್ಟೇಜಿನದು ಮಾತ್ರ.

ವ್ಯತ್ಯಾಸದ ಬಗೆಗಳು

ವಾಸ್ತವ ವೋಲ್ಟೇಜ್ ಘೋಷಿತ ಮಟ್ಟದಿಂದ ಸರಿಯುವ ಬಗೆಗಳಲ್ಲಿ ಕುಸಿತ ಎಲ್ಲರಿಗೂ ಕಣ್ಣಿಗೆ ಕಾಣುವಂಥದು: ತಂತುವಿನ ದೀಪ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ, ಫ್ರಿಜ್ಜಿನ ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುತ್ತದೆ. ಮಿಂಚಿನಿಂದ ಅಥವಾ ಮಾರ್ಗವನ್ನು ಆರಿಸಿ ಹೊತ್ತಿಸುವುದರಿಂದ ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಸಾವಿರಾರು ವೋಲ್ಟಿಗೆ ಏರುವುದು ಕ್ಷಣಿಕ ಏರಿಕೆ. ಇವೆರಡರ ನಡುವೆ, ನಿಮಿಷಗಟ್ಟಲೆ ನಿಂತು ಮನೆಯೊಳಗಿನ ಸಾಮಾನುಗಳನ್ನು ಒಂದೊಂದಾಗಿ ಸುಡುವ ಏರಿಕೆಗೆ ಬಹುಪಾಲು ಕಾರಣ ನ್ಯೂಟ್ರಲ್ ತುಂಡಾಗುವುದು. ಅದನ್ನು ಕೊಂಚ ವಿವರವಾಗಿ ನೋಡಬೇಕು.

ಮೂರು ಫೇಸುಗಳಿಂದ ಬೇರೆ ಬೇರೆ ಮನೆಗಳಿಗೆ ಸಂಪರ್ಕ ಕೊಟ್ಟಿರುವಾಗ ಎಲ್ಲ ಮನೆಗಳ ಪ್ರವಾಹವೂ ಒಂದೇ ನ್ಯೂಟ್ರಲ್ ತಂತಿಯ ಮೂಲಕ ಟಿ.ಸಿ.ಗೆ ಹಿಂತಿರುಗುತ್ತದೆ. ಗಾಳಿಗೋ ತುಕ್ಕಿಗೋ ಆ ತಂತಿ ಕಡಿದರೆ ವಿದ್ಯುತ್ತು ಹೋಗುವುದಿಲ್ಲ. ಒಂದು ಫೇಸಿನ ಮನೆಯ ಉಪಕರಣಗಳು ಮತ್ತೊಂದು ಫೇಸಿನ ಮನೆಯ ಉಪಕರಣಗಳೊಂದಿಗೆ ಸರಣಿಯಾಗಿ ಸೇರಿ, ಎರಡೂ ಒಟ್ಟಾಗಿ 400 ವೋಲ್ಟಿಗೆ ಒಡ್ಡಿಕೊಳ್ಳುತ್ತವೆ. ಒಂದು ಮನೆಯಲ್ಲಿ 100 ವ್ಯಾಟಿನ ಭಾರ, ಅಂದರೆ 529 ಓಮ್ ರೋಧ, ಇನ್ನೊಂದರಲ್ಲಿ 1,000 ವ್ಯಾಟಿನ ನೀರು ಕಾಯಿಸುವ ಕಾಯಿಲ್, ಅಂದರೆ 52.9 ಓಮ್ ರೋಧ ಇದೆ ಎಂದುಕೊಂಡರೆ, ಹಂಚಿಕೆಯ ಲೆಕ್ಕದಲ್ಲಿ ಮೊದಲ ಮನೆಗೆ ಸುಮಾರು 364 ವೋಲ್ಟ್, ಎರಡನೆಯದಕ್ಕೆ ಸುಮಾರು 36 ವೋಲ್ಟ್ ಬೀಳುತ್ತದೆ. ಕಡಿಮೆ ವಿದ್ಯುತ್ ಬಳಸುತ್ತಿದ್ದ ಮನೆಯ ಟಿವಿ ಸುಟ್ಟುಹೋಗಿ, ಹೆಚ್ಚು ಬಳಸುತ್ತಿದ್ದ ಮನೆಯ ನೀರು ತಣ್ಣಗೇ ಉಳಿಯುವ ಈ ವಿಪರೀತವನ್ನು ಫ್ಯೂಸಾಗಲಿ ಎಂಸಿಬಿಯಾಗಲಿ ತಡೆಯುವುದಿಲ್ಲ, ಏಕೆಂದರೆ ಅವು ಪ್ರವಾಹವನ್ನು ಅಳೆಯುತ್ತವೆ, ವೋಲ್ಟೇಜನ್ನಲ್ಲ. ಕೆಲವು ದೀಪಗಳು ವಿಪರೀತ ಬೆಳಗಿ ಕೆಲವು ಮಂಕಾದರೆ ಅದು ನ್ಯೂಟ್ರಲ್ ದೋಷದ ಖಚಿತ ಸೂಚನೆ. ಆಗ ಮೇನ್ ಸ್ವಿಚ್ಚನ್ನು ತಕ್ಷಣ ಆರಿಸಿ ಹೆಸ್ಕಾಂನ ಸಹಾಯವಾಣಿ 1912ಕ್ಕೆ ತಿಳಿಸುವುದು ಕ್ರಮ.

ಮನೆಯಲ್ಲೇ ಮೂರು ಫೇಸಿನ ಸಂಪರ್ಕವಿದ್ದು, ಒಂದು ಫೇಸು ಹೋದಾಗ ಫ್ಯೂಸ್ ಕಿತ್ತು ಬದಲಾಯಿಸಿ ಬೇರೆ ಫೇಸಿಗೆ ಹೊರಳಿಸುವ ರೂಢಿಯಲ್ಲೂ ಇದೇ ಅಪಾಯವಿದೆ. ನ್ಯೂಟ್ರಲ್ ಜಾಗಕ್ಕೆ ಫೇಸು ಸೇರಿದರೆ ಇಡೀ ಮನೆಗೆ 400 ವೋಲ್ಟ್ ನುಗ್ಗುತ್ತದೆ. ಈ ಕೆಲಸಕ್ಕೆ ಫೇಸ್ ಬದಲಿಸುವ ಸ್ವಿಚ್ಚು ಬೇಕು, ಕೈಚಳಕವಲ್ಲ.

ಉಪಕರಣಗಳ ವರ್ಗಗಳು

ವೋಲ್ಟೇಜ್ ಬದಲಾದಾಗ ಹೇಗೆ ವರ್ತಿಸುತ್ತವೆ ಎಂಬುದರ ಮೇಲೆ ಉಪಕರಣಗಳನ್ನು ವಿಂಗಡಿಸಬಹುದು. ಇಸ್ತ್ರಿಪೆಟ್ಟಿಗೆ, ಗೀಸರ್, ವಿದ್ಯುತ್ ಒಲೆ, ಕೂದಲು ಒಣಗಿಸುವ ಯಂತ್ರ ಮೊದಲಾದ ಶಾಖೋಪಕರಣಗಳು ರೋಧ ವರ್ಗದವು. ಇವು ಹೀರುವ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿರುತ್ತದೆ. 120 ವೋಲ್ಟಿಗೆ ತಯಾರಾದ 1,500 ವ್ಯಾಟಿನ ಅಮೆರಿಕದ ಹೇರ್ ಡ್ರೈಯರನ್ನು 230 ವೋಲ್ಟಿಗೆ ಹಚ್ಚಿದರೆ ಅದು ಸುಮಾರು 5,500 ವ್ಯಾಟ್ ಹೀರತೊಡಗಿ ಕ್ಷಣಗಳಲ್ಲಿ ತಂತು ಕರಗುತ್ತದೆ ಅಥವಾ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತುತ್ತದೆ. ತಿರುವುಮುರುವಾದರೆ ಅಪಾಯವಿಲ್ಲ, ಪ್ರಯೋಜನವೂ ಇಲ್ಲ: ಭಾರತದ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ 120 ವೋಲ್ಟಿನಲ್ಲಿ ಸುಮಾರು 272 ವ್ಯಾಟಿನಷ್ಟು ಮಾತ್ರ ಬಿಸಿಯಾಗುತ್ತದೆ.

ಮೋಟಾರುಗಳಲ್ಲಿ ಎರಡು ಜಾತಿ. ಮಿಕ್ಸಿ ಮತ್ತು ಕೈ ಡ್ರಿಲ್ಲಿನಲ್ಲಿರುವುದು ಕಾರ್ಬನ್ ಬ್ರಷ್ಷುಳ್ಳ ಸಾರ್ವತ್ರಿಕ ಮೋಟಾರು. ಅದು ಆವೃತ್ತಿಗೆ ಅಷ್ಟಾಗಿ ಕಟ್ಟುಬೀಳುವುದಿಲ್ಲ, ಆದ್ದರಿಂದ ಸರಿಯಾದ ವೋಲ್ಟೇಜ್ ಕೊಟ್ಟರೆ 50 ಹರ್ಟ್ಸಿನಲ್ಲಿಯೂ 60 ಹರ್ಟ್ಸಿನಲ್ಲಿಯೂ ನಡೆಯುತ್ತದೆ. ಪಂಪು, ಮಗ್ಗ, ಫ್ರಿಜ್ಜು ಮತ್ತು ಸಾಂಪ್ರದಾಯಿಕ ಚಾವಣಿ ಫ್ಯಾನುಗಳಲ್ಲಿರುವುದು ಪ್ರೇರಣಾ ಮೋಟಾರು, ಇದರ ವೇಗವನ್ನು ಮುಖ್ಯವಾಗಿ ಆವೃತ್ತಿಯೇ ನಿರ್ಧರಿಸುತ್ತದೆ: ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ 50 ಹರ್ಟ್ಸಿನಲ್ಲಿ ನಿಮಿಷಕ್ಕೆ 1,500 ಸುತ್ತು, 60 ಹರ್ಟ್ಸಿನಲ್ಲಿ 1,800 ಸುತ್ತು ತಿರುಗುತ್ತದೆ. ಇದರಲ್ಲಿ ಗಮನಿಸಬೇಕಾದದ್ದು ವೋಲ್ಟೇಜ್ ಮತ್ತು ಆವೃತ್ತಿಗಳ ಪ್ರಮಾಣ. ಕೊರಿಯಾದ 220 ವೋಲ್ಟ್, 60 ಹರ್ಟ್ಸಿನ ಯಂತ್ರಕ್ಕೆ ಈ ಪ್ರಮಾಣ 3.67, ಅದನ್ನೇ ಭಾರತದ 230 ವೋಲ್ಟ್, 50 ಹರ್ಟ್ಸಿಗೆ ಹಚ್ಚಿದರೆ 4.6 ಆಗಿ, ಕಬ್ಬಿಣದ ಒಡಲು ಕಾಂತತ್ವದಿಂದ ತುಂಬಿ ತುಳುಕಿ, ವೋಲ್ಟೇಜ್ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದರೂ ಮೋಟಾರು ಕಾಯುತ್ತದೆ.

ಪ್ರೇರಣಾ ಮೋಟಾರಿನ ಇನ್ನೊಂದು ಗುಣ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದದ್ದು. ತಂತುವಿನ ದೀಪಕ್ಕೆ ವೋಲ್ಟೇಜ್ ಕಡಿಮೆಯಾದರೆ ಅದು ಕಡಿಮೆ ವಿದ್ಯುತ್ ಬಳಸಿ ಮಂಕಾಗುತ್ತದೆ, ಅಷ್ಟೇ. ಭಾರ ಹೊತ್ತ ಮೋಟಾರಿಗೆ ಕಡಿಮೆಯಾದರೆ ಅದು ಅದೇ ಕೆಲಸ ಮಾಡಲು ಹೆಚ್ಚು ಪ್ರವಾಹ ಎಳೆಯುತ್ತದೆ. ಅದರ ತಿರುಚು ಬಲವೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದರಿಂದ 230ರ ಜಾಗದಲ್ಲಿ 180 ವೋಲ್ಟ್ ಇದ್ದರೆ ಆರಂಭದ ಬಲ ಶೇ. 61ಕ್ಕೆ ಇಳಿಯುತ್ತದೆ. ಹೊರಳಲಾಗದೆ ಗುಂಯ್‌ಗುಡುವ ಮೋಟಾರು ಓಡುವಾಗಿನ ಪ್ರವಾಹದ ಐದಾರು ಪಟ್ಟು ಎಳೆಯುತ್ತ ನಿಂತಲ್ಲೇ ಸುಡುತ್ತದೆ. ವೈಂಡಿಂಗ್ ಅಂಗಡಿಗಳಿಗೆ ಬೇಸಿಗೆಯಲ್ಲಿ ಬರುವ ಕಪ್ಪಾದ ಮೋಟಾರುಗಳನ್ನು ಕಂಡವರು ‘ಹೈ ವೋಲ್ಟೇಜಿನಿಂದ ಸುಟ್ಟಿತು’ ಎಂದು ತೀರ್ಮಾನಿಸುವುದುಂಟು. ನೀರಾವರಿ ಪ್ರದೇಶದಲ್ಲಿ ಕಾರಣ ಅದರ ತದ್ವಿರುದ್ಧವಾಗಿರುವ ಸಂಭವವೇ ಹೆಚ್ಚು.

ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್, ಎಲ್‌ಇಡಿ ಟಿವಿ ಮುಂತಾದ ಇಲೆಕ್ಟ್ರಾನಿಕ್ ಉಪಕರಣಗಳು ಮೂರನೆಯ ವರ್ಗ. ಇವುಗಳ ಒಳಗಿನ ವಿದ್ಯುತ್ ಘಟಕ ಬರುವ ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿಸಿ, ಅನಂತರ ಅತಿವೇಗದ ಸ್ವಿಚ್ಚಿನ ಮೂಲಕ ಬೇಕಾದಷ್ಟಕ್ಕೆ ಇಳಿಸುತ್ತದೆ. ಫಲಕದಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಅಂಥದನ್ನು ಯಾವ ದೇಶದಲ್ಲಿಯೂ ಪರಿವರ್ತಕವಿಲ್ಲದೆ ಬಳಸಬಹುದು. ಹಳೆಯ ಮೇಜಿನ ಕಂಪ್ಯೂಟರುಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಸರಿಸುವ ಕೆಂಪು ಸ್ವಿಚ್ಚು ಇರುತ್ತಿತ್ತು. ಅದನ್ನು 115ರಲ್ಲಿ ಬಿಟ್ಟು 230ಕ್ಕೆ ಹಚ್ಚಿದರೆ ಒಳಗಿನ ಕೆಪಾಸಿಟರುಗಳು ಸಿಡಿಯುತ್ತವೆ. ಕೊಲ್ಲಿ ದೇಶಗಳಿಂದ ಬಂದ ಹಿಂದಿನ ಟೇಪ್ ರೆಕಾರ್ಡರುಗಳಲ್ಲಿ ಇಂಥದೇ ಆಯ್ಕೆಯ ಗುಂಡಿ ಇರುತ್ತಿತ್ತು.

ಮಗ್ಗ, ಪಂಪು ಮತ್ತು ಗಾಣ

ಮಹಾಲಿಂಗಪುರ ನೇಕಾರಿಕೆಗೂ ಬೆಲ್ಲದ ಪೇಟೆಗೂ ಹೆಸರಾದ ಊರು. ಅದರ ಸುತ್ತ ಕಬ್ಬಿನ ಗದ್ದೆಗಳು, ರಬಕವಿ-ಬನಹಟ್ಟಿಯವರೆಗೂ ಹಬ್ಬಿದ ಮಗ್ಗದ ಮನೆಗಳು. ಈ ಮೂರೂ ಕಸುಬುಗಳು ಮೋಟಾರನ್ನು ನಂಬಿವೆ. ವಿದ್ಯುತ್ ಮಗ್ಗವೊಂದಕ್ಕೆ ಅರ್ಧದಿಂದ ಒಂದು ಅಶ್ವಶಕ್ತಿಯ ಮೋಟಾರು ಸಾಕು, ಆದರೆ ಅದು ದಿನವಿಡೀ ಒಂದೇ ವೇಗದಲ್ಲಿ ಓಡಬೇಕು. ವೋಲ್ಟೇಜ್ ಒಮ್ಮೆಲೇ ಕುಸಿದು ವೇಗ ತಗ್ಗಿದರೆ ಲಾಳಿಗೆ ಬೀಳುವ ಹೊಡೆತ ಸಡಿಲವಾಗಿ, ಅದು ಆಚೆ ಬದಿಯ ಪೆಟ್ಟಿಗೆಯನ್ನು ಮುಟ್ಟದೆ ಹಾಸಿನ ಎಳೆಗಳ ನಡುವೆಯೇ ಉಳಿಯುತ್ತದೆ. ರಕ್ಷಣಾ ಕೀಲು ಸರಿಯಾಗಿದ್ದರೆ ಮಗ್ಗ ಧಡಕ್ಕನೆ ನಿಲ್ಲುತ್ತದೆ, ಇಲ್ಲದಿದ್ದರೆ ನೂರಾರು ಎಳೆಗಳು ಒಟ್ಟಿಗೆ ಹರಿದು, ಮತ್ತೆ ಒಂದೊಂದನ್ನೇ ಗಂಟು ಹಾಕಬೇಕಾಗುತ್ತದೆ. ಕಂಡಿಕೆ ಸುತ್ತುವ ಯಂತ್ರ ಇಷ್ಟು ಸೂಕ್ಷ್ಮವಲ್ಲ.

ಮೂರು ಫೇಸಿನ ಮೋಟಾರಿಗೆ ಅತಿ ದೊಡ್ಡ ಶತ್ರು ಒಂದು ಫೇಸು ಹೋಗುವುದು. ಓಡುತ್ತಿರುವ ಮೋಟಾರು ಆಗ ನಿಲ್ಲುವುದಿಲ್ಲ, ಉಳಿದ ಎರಡು ಫೇಸುಗಳಿಂದ ಸುಮಾರು 1.73 ಪಟ್ಟು ಪ್ರವಾಹ ಎಳೆದುಕೊಂಡು ಓಡುತ್ತಲೇ ಇದ್ದು ಸುಡುತ್ತದೆ. ಇದನ್ನು ಗುರುತಿಸಿ ಸಂಪರ್ಕ ಕಡಿಯುವ ಸಾಧನ ಸಿಂಗಲ್ ಫೇಸ್ ಪ್ರಿವೆಂಟರ್; ಓವರ್‌ಲೋಡ್ ರಿಲೇಯುಳ್ಳ ಸ್ಟಾರ್ಟರಿನೊಂದಿಗೆ ಅದು ಇರಲೇಬೇಕು, ಮತ್ತು ರಿಲೇಯ ಮಟ್ಟವನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಸರಿಹೊಂದಿಸಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇಯನ್ನು ಹೆಚ್ಚಿನ ಅಂಕಿಗೆ ತಿರುಗಿಸಿಡುವುದು, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವುದು ರಕ್ಷಣೆಯನ್ನೇ ಕಿತ್ತೆಸೆದಂತೆ.

ಪಂಪ್‌ಸೆಟ್ಟುಗಳಲ್ಲಿ ಕುಸಿತವನ್ನು ಬಳಕೆದಾರರೇ ಒಟ್ಟಾಗಿ ಉಂಟುಮಾಡುವ ಸಂದರ್ಭವೊಂದಿದೆ. 5 ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 8 ಆಂಪಿಯರ್ ಎಳೆದರೆ ಶುರುವಾಗುವ ಗಳಿಗೆಯಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಕೆವಿಎ ಟಿ.ಸಿ.ಯ ಪೂರ್ಣ ಪ್ರವಾಹವೇ ಸುಮಾರು 133 ಆಂಪಿಯರ್. ರೈತರು ರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು ಹಾಕಿಸಿಕೊಂಡ ಆಟೊ ಸ್ಟಾರ್ಟರುಗಳು ಮೂರು ಫೇಸಿನ ವಿದ್ಯುತ್ತು ಬಂದ ಕೂಡಲೇ ಪಂಪುಗಳನ್ನೆಲ್ಲ ಒಮ್ಮೆಲೇ ಹೊತ್ತಿಸಿದರೆ, ಮೂರು ಪಂಪುಗಳಿಗೇ ಟಿ.ಸಿ.ಯ ಶಕ್ತಿ ಮುಗಿದು, ವೋಲ್ಟೇಜ್ ಕುಸಿದು, ಯಾವ ಪಂಪೂ ಸರಿಯಾಗಿ ಹೊರಳದೆ ಎಲ್ಲವೂ ಕಾಯುತ್ತವೆ. ಒಂದೊಂದು ಸ್ಟಾರ್ಟರಿಗೂ ಬೇರೆ ಬೇರೆ ವಿಳಂಬ ಇಡುವುದು ಇದಕ್ಕೆ ಸರಳ ಪರಿಹಾರ. ದೊಡ್ಡ ಮೋಟಾರುಗಳಿಗೂ ಕಬ್ಬಿನ ಗಾಣಕ್ಕೂ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬಳಸಿದರೆ ಆರಂಭದ ಪ್ರವಾಹ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ; ಆರಂಭದ ಬಲವೂ ಅಷ್ಟೇ ಇಳಿಯುವುದರಿಂದ ಗಾಣಕ್ಕೆ ಕಬ್ಬು ಕೊಡುವುದು ಪೂರ್ಣ ವೇಗ ಬಂದ ಮೇಲೆಯೇ.

ಮನೆಗಳಿಗಾಗಿ ಮಾತ್ರ ವಿದ್ಯುತ್ತು ಬಿಟ್ಟ ಹೊತ್ತಿನಲ್ಲಿ ಕೆಪಾಸಿಟರ್ ಜೋಡಿಸಿ ಮೂರು ಫೇಸಿನ ಪಂಪನ್ನು ಓಡಿಸುವ ಪದ್ಧತಿ ಹಿಂದೆ ವ್ಯಾಪಕವಾಗಿತ್ತು. ಅದರಿಂದ ಮೋಟಾರಿನ ಜೊತೆಗೆ ಊರಿನ ದೀಪಗಳ ವೋಲ್ಟೇಜೂ ಹಾಳಾಗುತ್ತಿತ್ತು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮಾರ್ಗವನ್ನೂ ಪಂಪ್‌ಸೆಟ್ಟಿನ ಮಾರ್ಗವನ್ನೂ ಬೇರ್ಪಡಿಸಿದ್ದರ ಕಾರಣಗಳಲ್ಲಿ ಇದೂ ಒಂದು. ಅರ್ಥಿಂಗ್ ಸರಳನ್ನೇ ನ್ಯೂಟ್ರಲ್ ಆಗಿ ಬಳಸುವ ಅಡ್ಡದಾರಿ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಆ ಸರಳಿನ ಸುತ್ತಲಿನ ನೆಲಕ್ಕೇ ವಿದ್ಯುತ್ತು ಏರಿ ದನಕರುಗಳೂ ಮನುಷ್ಯರೂ ಸಾಯುವ ಸಂಭವವಿದೆ.

ಹೊರದೇಶದಿಂದ ಬರುವ ನೇಯ್ಗೆ ಮತ್ತು ಕಸೂತಿ ಯಂತ್ರಗಳನ್ನು ಕೊಳ್ಳುವವರು ಫಲಕವನ್ನು ಮೊದಲು ಓದಬೇಕು. ಚೀನಾದ ಯಂತ್ರಗಳು 380 ವೋಲ್ಟ್, 50 ಹರ್ಟ್ಸಿನವು, ಇಲ್ಲಿಗೆ ಸಾಮಾನ್ಯವಾಗಿ ಹೊಂದುತ್ತವೆ. ಜಪಾನಿನ ಕಾರ್ಖಾನೆಗಳ ಮೂರು ಫೇಸಿನ ಪೂರೈಕೆ 200 ವೋಲ್ಟಿನದು. ಅಲ್ಲಿಂದ ಬಂದ ಬಳಸಿದ ಮಗ್ಗವನ್ನು ಪರಿವರ್ತಕವಿಲ್ಲದೆ 400 ವೋಲ್ಟಿಗೆ ಹಚ್ಚುವಂತಿಲ್ಲ.

ಪರಿವರ್ತಕಗಳು ಮತ್ತು ಸ್ಟೆಬಿಲೈಸರುಗಳು

ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುವ ಸಾಧನ ಅಡಾಪ್ಟರ್. ವೋಲ್ಟೇಜನ್ನು ಅದು ಮುಟ್ಟುವುದಿಲ್ಲ. ಪ್ಲಗ್ಗು ಸಾಕೆಟ್ಟಿಗೆ ಹೊಂದಿತು ಎಂಬುದು ಉಪಕರಣ ಪೂರೈಕೆಗೆ ಹೊಂದಿತು ಎಂಬುದಕ್ಕೆ ಪ್ರಮಾಣವಲ್ಲ, ಮತ್ತು ಅಪಘಾತಗಳ ಮೂಲದಲ್ಲಿ ಈ ಗೊಂದಲವೇ ಹೆಚ್ಚಾಗಿ ಇರುತ್ತದೆ. ವೋಲ್ಟೇಜನ್ನು ಏರಿಸುವ ಅಥವಾ ಇಳಿಸುವ ಸಾಧನ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್. ಅದು ಆವೃತ್ತಿಯನ್ನು ಬದಲಿಸುವುದಿಲ್ಲ. ಎರಡು ಸುರುಳಿಗಳು ಪೂರ್ತಿ ಬೇರೆಯಾಗಿರುವುದು ಪ್ರತ್ಯೇಕಿತ ಪರಿವರ್ತಕ, ಒಂದೇ ಸುರುಳಿಯ ನಡುವಿನಿಂದ ತಂತಿ ತೆಗೆದದ್ದು ಆಟೊ ಪರಿವರ್ತಕ. ಎರಡನೆಯದು ಅಗ್ಗ ಮತ್ತು ಹಗುರ, ಆದರೆ ಅದರ ಸಾಮಾನ್ಯ ತಂತಿ ಬಿಟ್ಟುಹೋದರೆ 110 ವೋಲ್ಟಿನ ಬದಿಗೂ 230 ವೋಲ್ಟ್ ಬರುತ್ತದೆ. ಪರಿವರ್ತಕದ ಸಾಮರ್ಥ್ಯ ಉಪಕರಣದ ವ್ಯಾಟಿಗಿಂತ ಧಾರಾಳವಾಗಿ ಹೆಚ್ಚಿರಬೇಕು, ಮೋಟಾರಿಗಾದರೆ ಆರಂಭದ ಪ್ರವಾಹಕ್ಕಾಗಿ ಎರಡು ಮೂರು ಪಟ್ಟು. ಪ್ರವಾಸಿಗರಿಗೆಂದು ಮಾರುವ ಅಂಗೈಯಗಲದ ಇಲೆಕ್ಟ್ರಾನಿಕ್ ಕನ್ವರ್ಟರುಗಳು ಅಲೆಯನ್ನು ಕತ್ತರಿಸಿ ಕೊಡುವಂಥವು. ಶಾಖೋಪಕರಣಕ್ಕೆ ನಡೆದೀತು, ಇಲೆಕ್ಟ್ರಾನಿಕ್ ವಸ್ತುವಿಗೂ ಮೋಟಾರಿಗೂ ಸಲ್ಲದು.

ಸ್ಟೆಬಿಲೈಸರ್ ಎನ್ನುವುದು ಏರಿಳಿಯುವ ವೋಲ್ಟೇಜನ್ನು 230ರ ಆಸುಪಾಸಿನಲ್ಲಿ ನಿಲ್ಲಿಸುವ ಆಟೊ ಪರಿವರ್ತಕ. ರಿಲೇ ಮಾದರಿಯದು ಸುರುಳಿಯ ತಂತಿಗಳನ್ನು ಟಕ್ ಟಕ್ ಎಂದು ಬದಲಿಸಿ ಮೆಟ್ಟಿಲು ಮೆಟ್ಟಿಲಾಗಿ ಸರಿಪಡಿಸುತ್ತದೆ. ಸರ್ವೋ ಮಾದರಿಯದು ಸಣ್ಣ ಮೋಟಾರಿನಿಂದ ಬ್ರಷ್ಷನ್ನು ಸರಿಸಿ ನಯವಾಗಿ ಸರಿಪಡಿಸುತ್ತದೆ. ಫ್ರಿಜ್ಜು ಮತ್ತು ಏಸಿಗೆ ಹಾಕುವ ಸ್ಟೆಬಿಲೈಸರಿನಲ್ಲಿ ವಿದ್ಯುತ್ತು ಹೋಗಿ ಬಂದ ಮೇಲೆ ಕೆಲವು ನಿಮಿಷ ತಡೆಯುವ ವ್ಯವಸ್ಥೆ ಇರಬೇಕು, ಏಕೆಂದರೆ ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ಶುರುವಾದರೆ ಹೊರಳಲಾಗದೆ ಸುಡುತ್ತದೆ. ಒಂದು ಓಣಿಯ ಎಲ್ಲ ಮನೆಗಳೂ ಸ್ಟೆಬಿಲೈಸರ್ ಹಾಕಿಕೊಂಡರೆ ಮಾರ್ಗದಿಂದ ಹೆಚ್ಚು ಪ್ರವಾಹ ಎಳೆದಂತಾಗಿ ಮೂಲದ ಕುಸಿತ ಇನ್ನಷ್ಟು ಬೆಳೆಯುತ್ತದೆ ಎಂಬುದೂ ನಿಜ. ನಿಜವಾದ ಪರಿಹಾರ ಹೆಚ್ಚುವರಿ ಟಿ.ಸಿ. ಮತ್ತು ದಪ್ಪ ತಂತಿ.

ವಿದೇಶದ ಬಳಕೆ

ಭಾರತದ ಐಎಸ್ 1293 ಮಾನಕದ ದುಂಡು ಕಡ್ಡಿಯ ಪ್ಲಗ್ಗುಗಳು 6 ಮತ್ತು 16 ಆಂಪಿಯರಿನವು. ಮೂರು ಕಡ್ಡಿಯವುಗಳಲ್ಲಿ ಮೇಲಿನ ದಪ್ಪ ಕಡ್ಡಿ ಅರ್ಥಿಂಗಿನದು. ಬ್ರಿಟನ್ನಿನಲ್ಲಿಯೂ ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್, ಒಮಾನ್, ಕುವೈತ್‌ಗಳಲ್ಲಿಯೂ ಚಪ್ಪಟೆ ಕಡ್ಡಿಯ, ಒಳಗೆ ಫ್ಯೂಸುಳ್ಳ ಪ್ಲಗ್ಗು ಬಳಕೆಯಲ್ಲಿದೆ. ಅಲ್ಲೆಲ್ಲ 230–240 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಊರಿನಿಂದ ಒಯ್ದ ಮಿಕ್ಸಿಗೆ ಅಡಾಪ್ಟರ್ ಒಂದೇ ಸಾಕು. ಸೌದಿ ಅರೇಬಿಯದ ಆವೃತ್ತಿ 60 ಹರ್ಟ್ಸ್, ಮತ್ತು ಅಲ್ಲಿ ಹಿಂದಿನ 127 ವೋಲ್ಟಿನಿಂದ 230ಕ್ಕೆ ಬದಲಾವಣೆ ಹಂತಹಂತವಾಗಿ ನಡೆಯುತ್ತಿರುವುದರಿಂದ ಸಾಕೆಟ್ಟನ್ನು ಪರೀಕ್ಷಿಸದೆ ಹಚ್ಚಬಾರದು.

ಅಮೆರಿಕಕ್ಕೆ ಹೋಗುವ ಕನ್ನಡ ಕುಟುಂಬಗಳು ಒಯ್ಯಬಯಸುವುದು ಮಿಕ್ಸಿ ಮತ್ತು ದೋಸೆಹಿಟ್ಟಿನ ಗ್ರೈಂಡರ್. ಮಿಕ್ಸಿ ಏರಿಕೆ ಪರಿವರ್ತಕದ ಮೂಲಕ ನಡೆಯುತ್ತದೆ. ಗ್ರೈಂಡರಿನಲ್ಲಿರುವುದು ಪ್ರೇರಣಾ ಮೋಟಾರಾದ್ದರಿಂದ ಪರಿವರ್ತಕ ಹಾಕಿದರೂ 60 ಹರ್ಟ್ಸಿನಲ್ಲಿ ಐದನೆಯ ಒಂದು ಪಾಲಿನಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ. ಭಾರತದ ತಯಾರಕರೇ 110 ವೋಲ್ಟ್, 60 ಹರ್ಟ್ಸಿನ ಮಾದರಿಗಳನ್ನು ತಯಾರಿಸುತ್ತಿರುವುದರಿಂದ ಅವುಗಳನ್ನು ಕೊಳ್ಳುವುದೇ ಲೇಸು. ಆ ಮಾದರಿಯನ್ನು ರಜೆಗೆ ಊರಿಗೆ ತಂದು ಇಲ್ಲಿನ ಸಾಕೆಟ್ಟಿಗೆ ಹಚ್ಚುವುದು ತಿರುವುಮುರುವಾದ ತಪ್ಪು. ಅಮೆರಿಕದ 120 ವೋಲ್ಟಿನ ಇಲೆಕ್ಟ್ರಿಕ್ ಕುಕ್ಕರಿಗೂ ಈ ಮಾತು ಅನ್ವಯಿಸುತ್ತದೆ.

ರಕ್ಷಣೆ ಮತ್ತು ನಿಯಮಗಳು

ಮನುಷ್ಯನಿಗೆ ಅಪಾಯ ತರುವುದು ದೇಹದ ಮೂಲಕ ಹರಿಯುವ ಪ್ರವಾಹ. ಸುಮಾರು 10 ಮಿಲಿಆಂಪಿಯರಿನಲ್ಲಿ ಹಿಡಿದ ಕೈ ಬಿಡಲಾಗುವುದಿಲ್ಲ. ಅದಕ್ಕಿಂತ ಹೆಚ್ಚಿನದು ಹೃದಯಕ್ಕೆ ತಾಗುತ್ತದೆ. ಆದುದರಿಂದ ಮನೆಗಳಿಗೆ ಹಾಕುವ ಆರ್‌ಸಿಸಿಬಿ, ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನ ಅಂತರ ಕಂಡ ಕೂಡಲೇ ಸಂಪರ್ಕ ಕಡಿಯುವಂತೆ ರೂಪಿತವಾಗಿದೆ. 110 ವೋಲ್ಟ್ 230ಕ್ಕಿಂತ ಕಡಿಮೆ ಅಪಾಯಕಾರಿ ನಿಜ, ನಿರಪಾಯಕಾರಿಯಲ್ಲ. ಬ್ರಿಟನ್ನಿನ ಕಟ್ಟಡ ಕಾಮಗಾರಿಗಳಲ್ಲಿ 110 ವೋಲ್ಟಿನ ಪರಿವರ್ತಕದ ನಡುಬಿಂದುವನ್ನು ನೆಲಕ್ಕೆ ಜೋಡಿಸಿ, ನೆಲಕ್ಕೂ ತಂತಿಗೂ 55 ವೋಲ್ಟಿಗಿಂತ ಹೆಚ್ಚು ಬಾರದಂತೆ ಮಾಡುತ್ತಾರೆ.

ಆರ್‌ಸಿಸಿಬಿ ಸೋರಿಕೆಯನ್ನು, ಎಂಸಿಬಿ ಮಿತಿಮೀರಿದ ಪ್ರವಾಹವನ್ನು ತಡೆಯುತ್ತವೆ. ವೋಲ್ಟೇಜಿನ ಏರಿಳಿತಕ್ಕೆ ಅದರದೇ ಆದ ಕಟ್-ಆಫ್ ರಿಲೇ ಬೇಕು, ಮಿಂಚಿನ ಏರಿಕೆಗೆ ಸರ್ಜ್ ರಕ್ಷಕ ಬೇಕು. ಐಎಸ್ 3043 ಅರ್ಥಿಂಗಿನ ಮಾನಕ. ಘಟಪ್ರಭೆ-ಕೃಷ್ಣೆಯ ನಡುವಿನ ಎರೆಭೂಮಿ ಹಸಿಯಾಗಿದ್ದಾಗ ಒಳ್ಳೆಯ ವಾಹಕ, ಆದರೆ ಬೇಸಿಗೆಯಲ್ಲಿ ಬಿರುಕುಬಿಟ್ಟು ಸರಳಿನಿಂದ ದೂರ ಸರಿಯುತ್ತದೆ, ಆದ್ದರಿಂದ ಅರ್ಥಿಂಗ್ ಗುಂಡಿಗೆ ಆ ಕಾಲದಲ್ಲಿ ನೀರು ಹಾಕುತ್ತಿರುವುದು ಅವಶ್ಯ. ಜನರೇಟರ್ ಇಟ್ಟುಕೊಂಡವರು ಚೇಂಜ್ ಓವರ್ ಸ್ವಿಚ್ಚಿನ ಮೂಲಕವೇ ಮನೆಗೆ ಜೋಡಿಸಬೇಕು. ನೇರವಾಗಿ ಸಾಕೆಟ್ಟಿಗೆ ಹಚ್ಚಿದರೆ ಆ 230 ವೋಲ್ಟ್ ಟಿ.ಸಿ.ಯನ್ನು ಹಿಮ್ಮುಖವಾಗಿ ದಾಟಿ 11,000 ವೋಲ್ಟಾಗಿ ಕಂಬದ ಮೇಲಿನ ಲೈನ್‌ಮನ್ನನ್ನು ತಲುಪುತ್ತದೆ. ಗೃಹೋಪಕರಣಗಳ ಸುರಕ್ಷತೆಗೆ ಐಎಸ್ 302 ಮಾನಕವಿದ್ದು, ಐಎಸ್‌ಐ ಗುರುತು ಅದರ ಸೂಚಕ. 2003ರ ವಿದ್ಯುತ್ ಕಾಯಿದೆಯಡಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಬಂಧನೆಗಳನ್ನು ಹೊರಡಿಸಿ 2023ರಲ್ಲಿ ಅವುಗಳ ಜಾಗಕ್ಕೆ ಹೊಸವನ್ನು ತಂದಿತು.

ಇಂದಿನ ಸ್ಥಿತಿ

ವಿಶಾಲ ವ್ಯಾಪ್ತಿಯ ವಿದ್ಯುತ್ ಘಟಕಗಳು ಹಬ್ಬಿದಂತೆ ಕುಸಿತದ ಉಪದ್ರವ ಮನೆಗಳಲ್ಲಿ ಕಡಿಮೆಯಾಗಿದೆ. ಎಲ್‌ಇಡಿ ದೀಪ ಕಡಿಮೆ ವೋಲ್ಟೇಜಿನಲ್ಲಿಯೂ ಒಂದೇ ಸಮನೆ ಬೆಳಗುತ್ತದೆ, ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ವೇಗ ಬಿಡುವುದಿಲ್ಲ. ಇದರ ಅಡ್ಡಪರಿಣಾಮವೆಂದರೆ ಮಂಕಾದ ದೀಪದಿಂದ ಸಿಗುತ್ತಿದ್ದ ಮುನ್ಸೂಚನೆ ಈಗ ಸಿಗುವುದಿಲ್ಲ, ವೋಲ್ಟೇಜ್ ಇಳಿದದ್ದು ಪಂಪೋ ಮಗ್ಗವೋ ಕಾದ ಮೇಲೆ ತಿಳಿಯುತ್ತದೆ. ಮಗ್ಗದ ಮನೆಯ ಬೋರ್ಡಿನಲ್ಲಿ ಅಂಕಿ ತೋರಿಸುವ ವೋಲ್ಟ್‌ಮೀಟರ್ ಹಾಕಿಸುವುದು ಈ ಕಾರಣಕ್ಕೆ ಉಪಯುಕ್ತ. ಸೌರ ಪಂಪುಗಳ ನಿಯಂತ್ರಕ ಬಿಸಿಲಿಗೆ ತಕ್ಕಂತೆ ವೋಲ್ಟೇಜನ್ನೂ ಆವೃತ್ತಿಯನ್ನೂ ಒಂದೇ ಪ್ರಮಾಣದಲ್ಲಿ ಏರಿಳಿಸುವುದರಿಂದ ಮೋಟಾರು ಮೆಲ್ಲನೆ ಶುರುವಾಗಿ ಕಾಯದೆ ಓಡುತ್ತದೆ.

ಉತ್ಪಾದನೆ ಬಳಕೆಯ ಸ್ಥಳಕ್ಕೆ ಹತ್ತಿರವಾಗುತ್ತಿರುವುದು ಇನ್ನೊಂದು ಬದಲಾವಣೆ. ಮಹಾಲಿಂಗಪುರದ ಸಮೀಪದ ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದ ಮಾಡಿದ ವಿದ್ಯುತ್ತನ್ನು ಜಾಲಕ್ಕೆ ಕೊಡುತ್ತದೆ, ಮನೆಯ ಮಾಳಿಗೆಗಳ ಮೇಲೆ ಸೌರ ಫಲಕಗಳು ಬರುತ್ತಿವೆ. ನಡುಹಗಲಿನಲ್ಲಿ ಬಳಕೆ ಕಡಿಮೆಯಿದ್ದು ಸೌರ ಉತ್ಪಾದನೆ ಹೆಚ್ಚಾದಾಗ ಮಾರ್ಗದ ಕೊನೆಯಲ್ಲಿ ವೋಲ್ಟೇಜ್ ಕುಸಿಯುವ ಬದಲು ಏರುತ್ತದೆ. ಜಾಲಕ್ಕೆ ಜೋಡಿಸಿದ ಇನ್ವರ್ಟರ್ ನಿಗದಿಯಾದ ಮಟ್ಟ ಮೀರಿದಾಗ ತಾನಾಗಿಯೇ ಜಾಲದಿಂದ ಕಳಚಿಕೊಳ್ಳುತ್ತದೆ, ಮಾರ್ಗದ ವಿದ್ಯುತ್ತು ಹೋದಾಗಲೂ ನಿಲ್ಲುತ್ತದೆ. ಎರಡನೆಯ ಏರ್ಪಾಡು ಕಂಬವೇರಿದ ಲೈನ್‌ಮನ್ನನ ರಕ್ಷಣೆಗಾಗಿ ಇರುವುದರಿಂದ, ಬಿಸಿಲಿದ್ದರೂ ವಿದ್ಯುತ್ತಿಲ್ಲವೆಂದು ಅದನ್ನು ತೆಗೆಸಿಹಾಕುವಂತಿಲ್ಲ.